ಟೊಮೆಟೊ ಕಾಯಿ ಯಾಕೆ ಹೀಗಾಯ್ತು? ಔಷಧಿ ಹೊಡೆಯುವ ಮೊದಲು ಕಾಯಿ ತಿರುಗಿಸಿ ನೋಡಿ

ಮೇಲಿಂದ ನೋಡಿದರೆ ಕಾಯಿ ಚೆನ್ನಾಗಿಯೇ ಇದೆ. ಗುಂಡಗೆ, ನುಣ್ಣಗೆ, ನಾಳೆ ನಾಡಿದ್ದರಲ್ಲಿ ಬಣ್ಣ ತಿರುಗುವ ಹಾಗೆ. ಕೈಯಲ್ಲಿ ಹಿಡಿದು ಬುಡ ತಿರುಗಿಸಿದರೆ ಅಲ್ಲೊಂದು ಕಪ್ಪು ಕಲೆ. ನಾಣ್ಯದಷ್ಟು ಅಗಲ, ಒಣಗಿದ ಚರ್ಮದಷ್ಟು ಒರಟು, ಸ್ವಲ್ಪ ಒಳಕ್ಕೆ ಕುಸಿದಿದೆ. ಬೀಜ ಹಾಕಿ, ಸಸಿ ಮಾಡಿ, ಕೋಲು ಕಟ್ಟಿ, ಮೂರು ತಿಂಗಳು ಕಾದ ಮೇಲೆ ಸಿಕ್ಕ ಮೊದಲ ಕಾಯಿ ಅದು. ಕರುಳು ಚುರುಕ್ ಅನ್ನುತ್ತದೆ, ಅಲ್ವಾ?

ಆ ಹೊತ್ತಿಗೆ ಬಾಯಿಗೆ ಬರುವ ಮೊದಲ ಪ್ರಶ್ನೆ, "ಇದಕ್ಕೆ ಏನು ಹೊಡೀಬೇಕು?" ಮೊದಲ ವರ್ಷ ನಾನೂ ಅದನ್ನೇ ಕೇಳಿದ್ದೆ. ಶಿಲೀಂಧ್ರನಾಶಕ ತಂದು ಹೊಡೆದೂ ಇದ್ದೆ. ಕಲೆ ಒಂದು ಚೂರೂ ಕಡಿಮೆಯಾಗಲಿಲ್ಲ. ಆಗುವ ಹಾಗೂ ಇರಲಿಲ್ಲ, ಯಾಕೆಂದರೆ ಅಲ್ಲಿ ಯಾವ ಶಿಲೀಂಧ್ರವೂ ಇರಲಿಲ್ಲ. ಮನೆಯಲ್ಲಿ ಬೆಳೆದ ಟೊಮೆಟೊ ಕಾಯಿಗೆ ಬರುವ ತೊಂದರೆಗಳಲ್ಲಿ ಎಷ್ಟೋ ರೋಗಗಳೇ ಅಲ್ಲ. ನೀರು, ಬಿಸಿಲು, ಚಳಿ, ಗೊಬ್ಬರ ಇವುಗಳಲ್ಲಿ ಯಾವುದೋ ಒಂದು ಹದ ತಪ್ಪಿದ್ದಕ್ಕೆ ಕಾಯಿಯ ಮೇಲೆ ಬಿದ್ದ ಗುರುತುಗಳು. ಇಂಥದ್ದಕ್ಕೆ ಔಷಧಿ ಹೊಡೆದರೆ ದುಡ್ಡೂ ದಂಡ, ತಿನ್ನುವ ಕಾಯಿಗೆ ಸುಮ್ನೆ ವಿಷವೂ ಹತ್ತುತ್ತದೆ.

ಹಾಗಾದರೆ ಯಾವುದು ರೋಗ, ಯಾವುದು ಅಲ್ಲ ಅಂತ ತಿಳಿಯೋದು ಹೇಗೆ? ಕಲೆ ಕಾಯಿಯ ಯಾವ ಭಾಗದಲ್ಲಿದೆ ನೋಡಿ. ಪ್ರತಿ ಕಾಯಿಗೂ ಬುಡದಲ್ಲೇ ಇದೆಯಾ? ತೊಟ್ಟಿನ ಸುತ್ತ ಮಾತ್ರ ಇದೆಯಾ? ಬಿಸಿಲು ಬೀಳುವ ಮಗ್ಗುಲಲ್ಲಿ ಮಾತ್ರವಾ? ಹೀಗೆ ಒಂದೇ ಜಾಗ ಹಿಡಿದುಕೊಂಡಿದ್ದರೆ ಹೆಚ್ಚಾಗಿ ಅದು ರೋಗವಲ್ಲ. ಎಲ್ಲೆಂದರಲ್ಲಿ ಚುಕ್ಕೆ ಚೆಲ್ಲಿದ ಹಾಗಿದ್ದು, ಎಲೆ ಮತ್ತು ಕಾಂಡದ ಮೇಲೂ ಕಲೆ ಕಂಡರೆ ಆಗ ರೋಗದ ಮಾತು. ಈ ಲೆಕ್ಕಕ್ಕೆ ಸಿಗದವು ಒಂದೆರಡು ಇವೆ, ಅವು ಮುಂದೆ ಬರುತ್ತವೆ.

ಬುಡ ಕಪ್ಪಾಗುವುದು

ಕಾಯಿಯ ಬುಡ ಅಂದರೆ ತೊಟ್ಟಿನ ಎದುರು ತುದಿ, ಹೂವು ಒಣಗಿ ಉದುರಿದ ಜಾಗ. ಅಲ್ಲಿ ಬರುವ ಈ ಕಪ್ಪು ಕಲೆಗೆ ತುದಿ ಕೊಳೆ ಅನ್ನುತ್ತಾರೆ, ಬ್ಲಾಸಮ್ ಎಂಡ್ ರಾಟ್ ಅಂದರೂ ಇದೇ. ಹೆಸರಿನಲ್ಲಿ ಕೊಳೆ ಇದ್ದರೂ ಶುರುವಿನಲ್ಲಿ ಕೊಳೆತ ವಾಸನೆ ಇರುವುದಿಲ್ಲ. ಕಾಯಿ ಕತ್ತರಿಸಿ ನೋಡಿ. ಕಲೆಯ ಒಳಗಿನ ತಿರುಳು ಒಣಗಿದ ಬೆಂಡಿನ ಹಾಗಿರುತ್ತದೆ. ಆಮೇಲೆ ಬೂಷ್ಟು ಬಂದು ಕೂರಬಹುದು, ಆದರೆ ಅದು ತಡವಾಗಿ ಬಂದ ಅತಿಥಿ. ಕಲೆ ಮಾಡಿದ್ದು ಅದಲ್ಲ.

ಮೂಲ ಕಾರಣ ಕಾಯಿಗೆ ಕ್ಯಾಲ್ಸಿಯಂ ಸಾಲದೆ ಹೋಗಿದ್ದು. ಜೀವಕೋಶದ ಗೋಡೆ ಗಟ್ಟಿಯಾಗಿ ನಿಲ್ಲಲು ಕ್ಯಾಲ್ಸಿಯಂ ಬೇಕೇ ಬೇಕು. ಇಲ್ಲದಿದ್ದರೆ ಬೇಗ ಬೇಗ ಹಿಗ್ಗುವ ಕೋಶಗಳು ಒಡೆದು ಸಾಯುತ್ತವೆ, ಆ ಜಾಗ ಕಪ್ಪಾಗುತ್ತದೆ. ಇಷ್ಟು ಕೇಳಿದ ಕೂಡಲೇ ಬಹಳ ಜನ ಮೊಟ್ಟೆ ಚಿಪ್ಪು ಪುಡಿ ಮಾಡಲು ಎದ್ದು ಹೋಗುತ್ತಾರೆ. ಸ್ವಲ್ಪ ತಾಳಿ. ಮಣ್ಣಿನಲ್ಲಿ ಸಾಮಾನ್ಯವಾಗಿ ಬೇಕಾದಷ್ಟು ಕ್ಯಾಲ್ಸಿಯಂ ಇದ್ದೇ ಇರುತ್ತದೆ. ಅದು ಕಾಯಿಯ ತುದಿಯವರೆಗೆ ತಲುಪುತ್ತಿಲ್ಲ, ಅಷ್ಟೇ.

ಯಾಕೆ ತಲುಪುವುದಿಲ್ಲ? ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಜೊತೆ ಮಾತ್ರ ಮೇಲೇರುತ್ತದೆ. ಬೇರು ನೀರು ಎಳೆಯುತ್ತದೆ, ಎಲೆ ಆ ನೀರನ್ನು ಆವಿ ಮಾಡಿ ಬಿಡುತ್ತದೆ, ಆ ಹರಿವಿನಲ್ಲಿ ಕ್ಯಾಲ್ಸಿಯಂ ಸಾಗುತ್ತದೆ. ಎಲೆಗೆ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಟೊಮೆಟೊ ಕಾಯಿಯ ಸಿಪ್ಪೆಗೆ ಅಂಥ ರಂಧ್ರಗಳೇ ಇಲ್ಲ, ಮೇಲೆ ಮೇಣದ ಪದರ ಬೇರೆ. ಹಾಗಾಗಿ ಕಾಯಿ ಕಡೆಗೆ ಹರಿಯುವ ನೀರಿನ ಪಾಲು ಬಹಳ ಕಡಿಮೆ. ಅದರಲ್ಲೂ ತೊಟ್ಟಿನಿಂದ ದೂರ ಇರುವ ಬುಡಕ್ಕೆ ಸಿಗುವುದು ಕಾಲುವೆಯ ಕೊನೆಯ ಗದ್ದೆಗೆ ಸಿಕ್ಕಷ್ಟೇ. ಒಂದೆರಡು ದಿನ ನೀರು ತಪ್ಪಿದರೆ ಎಲೆಗಳು ಇದ್ದದ್ದನ್ನೆಲ್ಲ ಎಳೆದುಕೊಳ್ಳುತ್ತವೆ, ಬುಡ ಬರಿದಾಗುತ್ತದೆ. ಇನ್ನೂ ಒಂದು ತೊಡಕು ಇದೆ. ಒಮ್ಮೆ ಎಲೆ ಸೇರಿದ ಕ್ಯಾಲ್ಸಿಯಂ ಅಲ್ಲಿಂದ ಕಾಯಿಗೆ ವಾಪಸ್ ಬರುವುದಿಲ್ಲ.

ಇದು ಗೊತ್ತಾದರೆ ಅರ್ಧಕ್ಕರ್ಧ ಮನೆಮದ್ದುಗಳು ಯಾಕೆ ಕೆಲಸ ಮಾಡುವುದಿಲ್ಲ ಅಂತ ತಾನಾಗಿ ಅರ್ಥವಾಗುತ್ತದೆ. ಎಲೆಗೆ ಕ್ಯಾಲ್ಸಿಯಂ ಸ್ಪ್ರೇ ಮಾಡಿದರೆ ಅದು ಎಲೆಯಲ್ಲೇ ಉಳಿಯುತ್ತದೆ. ಮೊಟ್ಟೆ ಚಿಪ್ಪು ಮಣ್ಣಿನಲ್ಲಿ ಕರಗಲು ತಿಂಗಳುಗಟ್ಟಲೆ ಬೇಕು, ಈ ಬೆಳೆಗೆ ಅದು ಒದಗುವುದಿಲ್ಲ. ಕಾಂಪೋಸ್ಟಿಗೆ ಹಾಕಿ, ಮುಂದೆಂದಾದರೂ ಉಪಯೋಗಕ್ಕೆ ಬರುತ್ತದೆ. ಎಪ್ಸಮ್ ಸಾಲ್ಟ್ ಹಾಕಿ ಅನ್ನುವವರ ಮಾತನ್ನಂತೂ ಕೇಳಲೇಬೇಡಿ. ಅದರಲ್ಲಿರುವುದು ಮೆಗ್ನೀಸಿಯಂ. ಬೇರಿನ ಬಾಗಿಲಲ್ಲಿ ಅದು ಕ್ಯಾಲ್ಸಿಯಂ ಜೊತೆ ಪೈಪೋಟಿಗೆ ನಿಂತು, ಇದ್ದ ತೊಂದರೆಯನ್ನು ಜಾಸ್ತಿ ಮಾಡುತ್ತದೆ.

ನನಗೆ ಈ ಪಾಠ ಕಲಿಸಿದ್ದು ಒಂದು ಕುಂಡ. ದಿನಾ ಬೆಳಿಗ್ಗೆ ತಪ್ಪದೆ ನೀರು ಹಾಕುತ್ತಿದ್ದೆ. ಕೆಳಗಿನ ತೂತಿಂದ ನೀರು ಹೊರಗೆ ಬರುವವರೆಗೆ ಹಾಕುತ್ತಿದ್ದೆ. ಆದರೂ ಆ ಗಿಡದ ಮೊದಲ ಎರಡು ಗೊಂಚಲು ಪೂರ್ತಿ ಬುಡ ಕಪ್ಪು. ಒಂದು ದಿನ ನೀರು ಹಾಕಿದ ಹತ್ತು ನಿಮಿಷಕ್ಕೆ ಕುಂಡದ ನಡುವೆ ಬೆರಳು ಇಳಿಸಿ ನೋಡಿದೆ. ಮೇಲಿನ ಒಂದು ಇಂಚು ಒದ್ದೆ, ಅದರ ಕೆಳಗೆ ಒಣ ಪುಡಿ. ಒಣಗಿ ಕುಗ್ಗಿದ ಮಣ್ಣು ಕುಂಡದ ಗೋಡೆಯಿಂದ ಬಿಟ್ಟುಕೊಂಡಿತ್ತು. ನಾನು ಹಾಕಿದ ನೀರೆಲ್ಲ ಆ ಸಂದಿಯಲ್ಲಿ ಇಳಿದು ನೇರ ಕೆಳಗೆ ಹೋಗುತ್ತಿತ್ತು. ಬೇರಿನ ಉಂಡೆ ಒದ್ದೆಯೇ ಆಗಿರಲಿಲ್ಲ. ಕುಂಡವನ್ನು ಅರ್ಧ ಗಂಟೆ ನೀರು ತುಂಬಿದ ಟಬ್ಬಿನಲ್ಲಿ ಇಟ್ಟೆ. ಆಮೇಲೆ ಮಣ್ಣಿನ ಮೇಲೆ ಒಣ ಎಲೆಯನ್ನು ಮೂರು ಬೆರಳಷ್ಟು ದಪ್ಪ ಹಾಸಿದೆ. ನಾಲ್ಕನೇ ಗೊಂಚಲಿನಿಂದ ಕಾಯಿ ಸರಿಯಾಯಿತು.

ಮೂರನೇ ಗೊಂಚಲು ಯಾಕೆ ಸರಿಯಾಗಲಿಲ್ಲ? ಯಾಕೆಂದರೆ ಕಾಯಿ ಇನ್ನೂ ಗೋಲಿಯಷ್ಟಿರುವಾಗ, ಕಟ್ಟಿದ ಎರಡು ವಾರದ ಆಚೀಚೆ, ಅದು ಬೇಗ ಹಿಗ್ಗುವ ಹೊತ್ತಿಗೆ ಈ ಹಾನಿ ಆಗಿಹೋಗಿರುತ್ತದೆ. ಕಲೆ ಕಣ್ಣಿಗೆ ಬೀಳುವುದು ಆಮೇಲೆ. ಇವತ್ತು ಕಂಡ ಕಲೆ ಕಳೆದ ವಾರಗಳ ನೀರಿನ ಲೆಕ್ಕ ಹೇಳುತ್ತದೆ. ಹಾಗಾಗಿ ನೀರು ಸರಿ ಮಾಡಿದ ಮೇಲೂ ಸ್ವಲ್ಪ ದಿನ ಕಲೆ ಇರುವ ಕಾಯಿ ಬಂದರೆ ಗಾಬರಿ ಬೇಡ. ಕಲೆಯಾದ ಕಾಯಿ ಎಂದೂ ವಾಸಿಯಾಗುವುದಿಲ್ಲ. ಅದನ್ನು ಕಿತ್ತುಬಿಡಿ, ಗಿಡದ ಶಕ್ತಿ ಉಳಿದ ಕಾಯಿಗೆ ಹೋಗಲಿ.

ನೀರು ಹಾಕುವ ಬಗ್ಗೆ ಇನ್ನೆರಡು ಮಾತು. ಸಮನಾದ ತೇವ ಮುಖ್ಯ. ಅಂದರೆ ಯಾವಾಗಲೂ ಕೆಸರು ಇರಬೇಕು ಅಂತಲ್ಲ. ನೀರು ನಿಂತು ಬೇರು ಉಸಿರು ಕಟ್ಟಿದರೂ ಕ್ಯಾಲ್ಸಿಯಂ ಮೇಲೇರುವುದಿಲ್ಲ, ಕಾಯಿಗೆ ಅದೇ ಕಲೆ ಬರುತ್ತದೆ. ಬೆರಳು ಎರಡು ಇಂಚು ಇಳಿಸಿ ನೋಡಿ, ಅಲ್ಲಿ ಒಣಗಿದ್ದರೆ ಪೂರ್ತಿ ನೆನೆಯುವ ಹಾಗೆ ಹಾಕಿ. ಸಣ್ಣ ಕುಂಡದಲ್ಲಿ ಈ ಹದ ಹಿಡಿಯುವುದು ಬಹಳ ಕಷ್ಟ. ದೊಡ್ಡ ಕಾಯಿಯ ತಳಿಗಳಿಗೆ ಒಂದು ಗಿಡಕ್ಕೆ 20 ಲೀಟರ್‌ಗಿಂತ ಕಡಿಮೆ ಮಣ್ಣು ಇರಬಾರದು ಅಂತ ನನ್ನ ಅಭಿಪ್ರಾಯ.

ಗೊಬ್ಬರವೂ ಇದರಲ್ಲಿ ಸೇರಿದೆ. ಯೂರಿಯಾ, ಅಮೋನಿಯಂ ಇರುವ ಗೊಬ್ಬರಗಳು ಜಾಸ್ತಿಯಾದರೆ ಎರಡು ಕಡೆಯಿಂದ ಪೆಟ್ಟು. ಅಮೋನಿಯಂ ಕೂಡ ಮೆಗ್ನೀಸಿಯಂ ಹಾಗೆ ಬೇರಿನ ಬಳಿ ಕ್ಯಾಲ್ಸಿಯಂಗೆ ಅಡ್ಡ ಬರುತ್ತದೆ. ಜೊತೆಗೆ ಗಿಡ ಬರೀ ಸೊಪ್ಪು ಬಿಟ್ಟುಕೊಂಡು ಕಾಯಿಯ ನೀರಿನ ಪಾಲನ್ನೂ ಎಲೆಗೇ ಎಳೆಯುತ್ತದೆ. ಮಣ್ಣು ಹುಳಿಯಾಗಿದ್ದರೆ ನಾಟಿಗೆ ಮೊದಲೇ ಸುಣ್ಣ ಹಾಕಿ ಪಿಎಚ್ (ಮಣ್ಣಿನ ಹುಳಿಯ ಅಳತೆ) 6.2ರಿಂದ 6.8ರ ನಡುವೆ ತರಬಹುದು. ಪಿಎಚ್ ಸರಿಯಿದ್ದು ಕ್ಯಾಲ್ಸಿಯಂ ಮಾತ್ರ ಕಡಿಮೆ ಅಂತ ಮಣ್ಣು ಪರೀಕ್ಷೆಯಲ್ಲಿ ಗೊತ್ತಾದರೆ ಜಿಪ್ಸಮ್ ಒಳ್ಳೆಯದು, ಅದು ಪಿಎಚ್ ಬದಲಿಸುವುದಿಲ್ಲ. ಪರೀಕ್ಷೆ ಮಾಡಿಸದೆ ಎರಡನ್ನೂ ಸುರಿಯುವುದು ಬೇಡ. ತಳಿಯ ವಿಷಯಕ್ಕೆ ಬಂದರೆ ಉದ್ದ ಕಾಯಿಯ ತಳಿಗಳಿಗೆ ಈ ಕಾಟ ಜಾಸ್ತಿ, ಚೆರ್ರಿ ಟೊಮೆಟೊಗೆ ಬರುವುದೇ ಅಪರೂಪ.

ಬಿರುಕು ಬಿಡುವುದು

ಇದೂ ನೀರಿನದೇ ಕಥೆ, ಆದರೆ ತಿರುಗುಮುರುಗು. ಟೊಮೆಟೊದಲ್ಲಿ ನೂರಕ್ಕೆ ಸುಮಾರು 94–95 ಭಾಗ ನೀರೇ. ಒಂದು ವಾರ ಒಣಗಿದ ಮಣ್ಣಿಗೆ ಒಮ್ಮೆಲೇ ಜೋರು ಮಳೆ ಬಿತ್ತು ಅಂದುಕೊಳ್ಳಿ. ಬೇರು ಗಟಗಟ ಕುಡಿಯುತ್ತದೆ, ಕಾಯಿಯ ತಿರುಳು ಉಬ್ಬುತ್ತದೆ. ಒಣ ದಿನಗಳಲ್ಲಿ ಬಿಗಿದುಕೊಂಡ ಸಿಪ್ಪೆಗೆ ಅಷ್ಟು ಬೇಗ ಹಿಗ್ಗಲು ಆಗುವುದಿಲ್ಲ. ಸೀಳಿಬಿಡುತ್ತದೆ. ತೊಟ್ಟಿನಿಂದ ಕೆಳಗೆ ಗೆರೆ ಎಳೆದ ಹಾಗೆ ಸೀಳುವುದು ಒಂದು ಬಗೆ. ತೊಟ್ಟಿನ ಸುತ್ತ ಬಳೆಯ ಹಾಗೆ ಉಂಗುರ ಉಂಗುರವಾಗಿ ಬಿರುಕು ಬಿಡುವುದು ಇನ್ನೊಂದು. ಎರಡಕ್ಕೂ ಮದ್ದು ಒಂದೇ, ಮಣ್ಣಿನ ಮೇಲೆ ಹೊದಿಕೆ ಮತ್ತು ಏರಿಳಿತ ಇಲ್ಲದ ನೀರು.

ಮಳೆಯನ್ನು ನಾವು ತಡೆಯಲಾಗುವುದಿಲ್ಲ. ಆದರೆ ಮಳೆ ಬರುವ ಮೊದಲು ಕಾಯಿ ಕೀಳಬಹುದು. ಹಸಿರು ಬಿಟ್ಟು ಬುಡದಲ್ಲಿ ಸ್ವಲ್ಪ ತಿಳಿ ಗುಲಾಬಿ ಅಥವಾ ಹಳದಿ ಛಾಯೆ ಕಂಡಿತು ಅಂದರೆ ಕಾಯಿ ಪೂರ್ತಿ ಬಲಿತಿದೆ ಅಂತ ಅರ್ಥ. ಅಲ್ಲಿಂದ ಮುಂದೆ ಅದು ಗಿಡದ ಮೇಲೇ ಇರಬೇಕಾಗಿಲ್ಲ. ಕಿತ್ತು ಮನೆಯೊಳಗೆ ನೆರಳಲ್ಲಿ ಇಟ್ಟರೆ ತನ್ನಷ್ಟಕ್ಕೆ ಹಣ್ಣಾಗುತ್ತದೆ. ಗಿಡದಲ್ಲೇ ಕೆಂಪಾದರೆ ಮಾತ್ರ ರುಚಿ ಅಂತ ಹಟ ಹಿಡಿದು ನಾನು ಎಷ್ಟೋ ಹಣ್ಣು ಕಳೆದುಕೊಂಡಿದ್ದೇನೆ. ಬಣ್ಣ ತಿರುಗಿದ ಮೇಲೆ ಕಿತ್ತದ್ದಕ್ಕೂ, ಗಿಡದಲ್ಲೇ ಬಿಟ್ಟದ್ದಕ್ಕೂ ನನ್ನ ನಾಲಿಗೆಗೆ ಹೇಳಿಕೊಳ್ಳುವಷ್ಟು ವ್ಯತ್ಯಾಸ ಸಿಕ್ಕಿಲ್ಲ. ಪೂರ್ತಿ ಹಸಿರು, ಎಳೆಯ ಕಾಯಿ ಕಿತ್ತರೆ ಮಾತ್ರ ಅದು ಸಪ್ಪೆ.

ಬಿರುಕು ಬಿಟ್ಟ ಹಣ್ಣನ್ನು ಆ ದಿನವೇ ಬಳಸಿ. ಹಳೆಯ ಬಿರುಕು ಕಂದು ಗಾಯದ ಹಾಗೆ ಒಣಗಿಕೊಂಡಿದ್ದರೆ ತೊಂದರೆಯಿಲ್ಲ. ಹಸಿ ಬಿರುಕಾದರೆ ಒಂದೆರಡು ದಿನದಲ್ಲಿ ಬೂಷ್ಟು ಮತ್ತು ಸಣ್ಣ ನೊಣ ಬಂದು ಸೇರುತ್ತವೆ.

ಬಿಸಿಲು ಮತ್ತು ಸೆಕೆ ಮಾಡುವ ಕೆಲಸ

ಕಾಯಿಯ ಒಂದೇ ಮಗ್ಗುಲಲ್ಲಿ ಬಿಳಿಚಿದ, ಹಳದಿ ಮಿಶ್ರಿತ ದೊಡ್ಡ ಪಟ್ಟೆ. ಆಮೇಲೆ ಅದು ಕಾಗದದ ಹಾಗೆ ತೆಳುವಾಗಿ, ಸುಕ್ಕಾಗಿ, ಕೊನೆಗೆ ಕಪ್ಪು ಬೂಷ್ಟು ಹಿಡಿಯುತ್ತದೆ. ಇದು ಬಿಸಿಲ ಸುಟ್ಟ ಗಾಯ. ಕಾಯಿಯನ್ನು ಮುಟ್ಟದೆ, ಮಧ್ಯಾಹ್ನದ ಹೊತ್ತಿಗೆ ಗಿಡದ ಮುಂದೆ ನಿಂತು ನೋಡಿ. ಬಿಸಿಲು ಬೀಳುವ ಕಡೆಗೇ ಪಟ್ಟೆ ಇರುತ್ತದೆ. ನೇರ ಬಿಸಿಲಿಗೆ ಬಿದ್ದ ಕಾಯಿಯ ಮೈ ಸುತ್ತಲಿನ ಗಾಳಿಗಿಂತ 10 ಡಿಗ್ರಿಯಷ್ಟು ಹೆಚ್ಚು ಕಾಯಬಲ್ಲದು.

ಇದನ್ನು ಬಹಳ ಸಲ ನಾವೇ ತಂದುಕೊಳ್ಳುತ್ತೇವೆ. ಎಲೆ ಕಿತ್ತರೆ ಕಾಯಿ ದಪ್ಪ ಆಗುತ್ತದೆ, ಬಿಸಿಲು ಬಿದ್ದರೆ ಬೇಗ ಕೆಂಪಾಗುತ್ತದೆ ಅಂತ ಯಾರೋ ಹೇಳಿರುತ್ತಾರೆ. ಗಿಡವನ್ನು ಬೋಳು ಮಾಡಿಬಿಡುತ್ತೇವೆ. ಕಾಯಿ ಹಣ್ಣಾಗಲು ಅದರ ಮೇಲೆ ಬಿಸಿಲು ಬೀಳಬೇಕಾಗಿಲ್ಲ. ಬಿಸಿಲು ಬೇಕಾಗಿರುವುದು ಎಲೆಗೆ, ಸಕ್ಕರೆ ತಯಾರಾಗುವುದು ಅಲ್ಲಿ. ಕಂಕುಳ ಚಿಗುರು, ಅಂದರೆ ಎಲೆ ಮತ್ತು ಕಾಂಡದ ಸಂದಿಯಲ್ಲಿ ಬರುವ ಚಿಗುರು ಕೀಳುವುದು, ನೆಲಕ್ಕೆ ತಾಗುವ ಕೆಳಗಿನ ಎಲೆ ತೆಗೆಯುವುದು ಸರಿ. ಕಾಯಿಯ ತಲೆ ಮೇಲಿರುವ ಎಲೆಯನ್ನು ಮಾತ್ರ ಮುಟ್ಟಬೇಡಿ, ಅದು ಕಾಯಿಯ ಕೊಡೆ. ರೋಗದಿಂದ ಎಲೆ ಉದುರಿ ಕಾಯಿ ಬಯಲಿಗೆ ಬಿದ್ದಿದ್ದರೆ ಬೇಸಿಗೆಯಲ್ಲಿ ತೆಳು ಬಟ್ಟೆ ಅಥವಾ ನೆರಳು ಬಲೆ ಕಟ್ಟಿ.

ಸೆಕೆಯ ಇನ್ನೊಂದು ಕೆಲಸ ಜನರಿಗೆ ಬಹಳ ಗೊಂದಲ ಮಾಡುತ್ತದೆ. ಕಾಯಿ ದಪ್ಪ ಆಗಿದೆ, ಬಲಿತಿದೆ, ಆದರೆ ವಾರಗಟ್ಟಲೆ ಕೆಂಪಾಗುವುದೇ ಇಲ್ಲ. ಅಥವಾ ಕಿತ್ತಳೆ ಬಣ್ಣಕ್ಕೆ ಬಂದು ನಿಂತುಬಿಡುತ್ತದೆ. ಟೊಮೆಟೊಗೆ ಕೆಂಪು ಕೊಡುವುದು ಲೈಕೊಪೀನ್. ಅದು 20ರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ತಯಾರಾಗುತ್ತದೆ. 30 ಡಿಗ್ರಿ ದಾಟಿದ ಮೇಲೆ ಅದರ ತಯಾರಿ ಕುಂಟುತ್ತದೆ, ಹಳದಿ ಬಣ್ಣದ ಕ್ಯಾರೊಟಿನ್ ಮಾತ್ರ ಮುಂದುವರಿಯುತ್ತದೆ. ಕಾಯಿ ಕಿತ್ತಳೆಯಾಗಿ ಉಳಿಯಲು ಇದೇ ಕಾರಣ. ಬೇಸಿಗೆಯಲ್ಲಿ ಬಣ್ಣ ತಿರುಗಲು ಶುರುವಾದ ಕಾಯಿಯನ್ನು ಕಿತ್ತು ಮನೆಯ ತಂಪು ಜಾಗದಲ್ಲಿ ಇಡಿ. ಒಂದು ಹಣ್ಣಾದ ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಇಟ್ಟರೆ ಅದರಿಂದ ಬರುವ ಎಥಿಲೀನ್ ಅನಿಲಕ್ಕೆ ಇನ್ನೂ ಬೇಗ ಹಣ್ಣಾಗುತ್ತದೆ. ಫ್ರಿಜ್ ಬೇಡ. ಹಣ್ಣಾಗದ ಟೊಮೆಟೊಗೆ ಆ ಚಳಿ ಹಿಡಿಸುವುದಿಲ್ಲ, ಆಮೇಲೆ ಹೊರಗೆ ತಂದಿಟ್ಟರೂ ಸರಿಯಾಗಿ ಬಣ್ಣ ಬರುವುದಿಲ್ಲ.

ಹಣ್ಣು ಕೆಳಗೆಲ್ಲ ಕೆಂಪಾಗಿ, ತೊಟ್ಟಿನ ಸುತ್ತ ಮಾತ್ರ ಹಳದಿಯಾಗಿ ಗಟ್ಟಿ ಉಳಿಯುವುದೂ ಸೆಕೆಯ ಗುರುತೇ. ಪೊಟ್ಯಾಶ್ ಕಡಿಮೆಯಾದರೆ ಇದು ಇನ್ನೂ ಹೆಚ್ಚುತ್ತದೆ. ಹಾಗೆಂದು ತೊಟ್ಟಿನ ಬಳಿಯ ಎಲ್ಲ ಹಸಿರೂ ತೊಂದರೆಯಲ್ಲ. ಕಾಯಿ ಇನ್ನೂ ಹಸಿರಾಗಿರುವಾಗ ಭುಜದ ಹತ್ತಿರ ಗಾಢ ಹಸಿರು ಇರುವುದು ಹಳೆಯ ನಾಟಿ ತಳಿಗಳ ಗುಣ. ಒಂದೇ ಸಮನಾಗಿ ಬಣ್ಣ ತಿರುಗಲಿ ಅಂತ ತಳಿ ತಜ್ಞರು ದಶಕಗಳ ಕಾಲ ತಿಳಿ ಹಸಿರು ಕಾಯಿಯ ಗಿಡಗಳನ್ನೇ ಆರಿಸುತ್ತಾ ಬಂದರು. ಹಾಗೆ ಆರಿಸುವಾಗ ಕಾಯಿಯೊಳಗೇ ಸಕ್ಕರೆ ತಯಾರಿಕೆ ಹೆಚ್ಚಿಸುವ ಒಂದು ವಂಶವಾಹಿ ಕೆಲಸ ಮಾಡದ ಸಸಿಗಳು ಮೇಲೆ ಬಂದವು ಅಂತ 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ನಿಮ್ಮ ನಾಟಿ ಗಿಡದ ಕಾಯಿಗೆ ಹಸಿರು ಭುಜ ಇದ್ದರೆ ಖುಷಿಪಡಿ.

ಕಾಯಿಯೇ ಕಟ್ಟದೆ ಹೂ ಉದುರುತ್ತಿದೆಯಾ? ಅದೂ ಹೆಚ್ಚಾಗಿ ಸೆಕೆಯ ಕೆಲಸ. ಹಗಲು 32–35 ಡಿಗ್ರಿ ಮೀರಿದಾಗ, ರಾತ್ರಿ 24ರ ಕೆಳಗೆ ಇಳಿಯದಾಗ ಪರಾಗ ಸರಿಯಾಗಿ ಬಲಿಯುವುದಿಲ್ಲ. ರಾತ್ರಿ 13ಕ್ಕಿಂತ ತಂಪಾದರೂ ಅಷ್ಟೇ. ಹವೆ ಬದಲಾದ ಮೇಲೆ ತಾನಾಗಿ ಕಾಯಿ ಕಟ್ಟುತ್ತದೆ. ಹವೆ ಚೆನ್ನಾಗಿದ್ದೂ ಕಟ್ಟದಿದ್ದರೆ ಗಿಡ ಗಾಳಿ ಆಡದ ಜಾಗದಲ್ಲಿದೆಯಾ ನೋಡಿ. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಂದರಲ್ಲೇ ಇವೆ, ಸ್ವಲ್ಪ ಅದುರಿದರೆ ಪರಾಗ ಉದುರಿ ಅಲ್ಲೇ ಕೆಲಸ ಆಗುತ್ತದೆ. ಬೆಳಗಿನ ಬಿಸಿಲು ಏರುವ ಹೊತ್ತಿಗೆ ಹೂಗೊಂಚಲಿನ ಹಿಂದೆ ಬೆರಳಿನಿಂದ ಮೆಲ್ಲಗೆ ತಟ್ಟಿ. ನಮ್ಮ ಮನೆಯಲ್ಲಿ ಇದು ಮಕ್ಕಳ ಕೆಲಸ, ಅವರು ಖುಷಿಯಿಂದ ಮಾಡುತ್ತಾರೆ.

ಆಕಾರ ಕೆಟ್ಟ ಕಾಯಿ

ಬುಡದಲ್ಲಿ ಮಡಿಕೆ ಮಡಿಕೆಯಾಗಿ, ಕಂದು ಗಾಯದ ಗೆರೆಗಳ ಜೊತೆ ಸೊಟ್ಟಗೆ ಬೆಳೆದ ದೊಡ್ಡ ಕಾಯಿ ನೋಡಿರುತ್ತೀರಿ. ಕಾಯಿ ಇನ್ನೂ ಹೂಮೊಗ್ಗಾಗಿದ್ದಾಗ, ಅರಳುವ ಎರಡು ಮೂರು ವಾರ ಮೊದಲು, ಚಳಿ ತಾಗಿದರೆ ಹೀಗಾಗುತ್ತದೆ. ಕಳೆನಾಶಕದ ಹನಿ ಗಾಳಿಯಲ್ಲಿ ತೇಲಿಬಂದು ತಾಗಿದರೂ ಆಗಬಹುದು. ಮೇಲಿಂದ ಕೆಳಗೆ ಹೊಲಿಗೆ ಹಾಕಿದ ಹಾಗೆ ಸಣ್ಣ ಗೆರೆ ಇದ್ದರೆ, ಹೂವಿನ ಕೇಸರ ಎಳೆ ಕಾಯಿಗೆ ಅಂಟಿಕೊಂಡು ಉಳಿದಿತ್ತು ಅಂತ ಅರ್ಥ. ಕತ್ತರಿಸಿದರೆ ಒಳಗೆ ರಸವಿಲ್ಲದೆ ಟೊಳ್ಳು, ಹೊರಗೆ ಮೂಲೆ ಮೂಲೆಯಾಗಿದ್ದರೆ ಪರಾಗ ಸಾಕಷ್ಟು ಬಿದ್ದಿಲ್ಲ, ಅಥವಾ ಸಾರಜನಕ ಜಾಸ್ತಿ ಮತ್ತು ಬೆಳಕು ಕಡಿಮೆ ಆಗಿದೆ. ಮೂರನ್ನೂ ಧಾರಾಳವಾಗಿ ತಿನ್ನಬಹುದು. ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ತೂತು ಕಂಡರೆ

ತೂತು ಅಂದರೆ ಮಾತ್ರ ತಡ ಮಾಡಬಾರದು. ದುಂಡಗಿನ, ಪೆನ್ಸಿಲ್ ತುದಿ ಹೋಗುವಷ್ಟು ತೂತು, ಅದರ ಬಾಯಲ್ಲಿ ಒದ್ದೆಯಾದ ಹಿಕ್ಕೆ. ಇದು ಕಾಯಿ ಕೊರಕ ಹುಳ, ಹೆಲಿಕೊವರ್ಪ ಜಾತಿಯದು. ಮೊದಲ ಸಲ ನೋಡಿದಾಗ ಹುಳದ ಅರ್ಧ ಮೈ ಕಾಯಿಯೊಳಗೆ, ಅರ್ಧ ಹೊರಗೆ ಇತ್ತು. ಹಸಿರು ಮೈ, ಪಕ್ಕದಲ್ಲಿ ತಿಳಿ ಗೆರೆ. ಕಾಯಿಯ ಬಣ್ಣಕ್ಕೆ ಎಷ್ಟು ಹೊಂದಿಕೊಂಡಿತ್ತು ಅಂದರೆ ಅದು ಅಲುಗಾಡುವವರೆಗೆ ನನಗೆ ಕಂಡಿರಲಿಲ್ಲ. ಕಂದು, ಗುಲಾಬಿ ಬಣ್ಣದವೂ ಇರುತ್ತವೆ. ಈ ಹುಳದ ಕೆಟ್ಟ ಗುಣ ಏನೆಂದರೆ ಒಂದು ಕಾಯಿಯನ್ನು ಪೂರ್ತಿ ತಿಂದು ಮುಗಿಸುವುದಿಲ್ಲ. ಸ್ವಲ್ಪ ತಿಂದು ಪಕ್ಕದ ಕಾಯಿಗೆ ಹೋಗುತ್ತದೆ. ಒಂದೇ ಹುಳ ಒಂದು ಗೊಂಚಲನ್ನೇ ಹಾಳು ಮಾಡಬಲ್ಲದು.

ಕಾಯಿಯೊಳಗೆ ಸೇರಿದ ಮೇಲೆ ಅದಕ್ಕೆ ಯಾವ ಸ್ಪ್ರೇಯೂ ತಾಗುವುದಿಲ್ಲ. ಹಿಡಿಯಬೇಕಾದದ್ದು ಅದಕ್ಕೂ ಮೊದಲು. ಪತಂಗ ಮೊಟ್ಟೆ ಇಡುವುದು ಗಿಡದ ಮೇಲ್ಭಾಗದಲ್ಲಿ, ಹೂವಿನ ಹತ್ತಿರದ ಎಲೆಗಳ ಮೇಲೆ, ಒಂದೊಂದಾಗಿ. ರಾಗಿ ಕಾಳಿಗಿಂತ ಸಣ್ಣದು, ಕೆನೆ ಬಣ್ಣ. ಮನೆಯ ನಾಲ್ಕೈದು ಗಿಡಕ್ಕೆ ಕಣ್ಣು ಮತ್ತು ಕೈಗಿಂತ ಒಳ್ಳೆಯ ಔಷಧಿ ಇಲ್ಲ. ಎರಡು ದಿನಕ್ಕೊಮ್ಮೆ ಸಂಜೆ ಮೇಲಿನ ಎಲೆಗಳನ್ನು ತಿರುಗಿಸಿ ನೋಡಿ, ಮೊಟ್ಟೆ ಒರೆಸಿಹಾಕಿ. ತೂತಾದ ಕಾಯಿ ಕಿತ್ತು ಹುಳ ಕೊಲ್ಲಿ. ಕಾಯಿಯನ್ನು ಗಿಡದ ಬುಡದಲ್ಲೇ ಎಸೆಯಬೇಡಿ, ಹುಳ ಕೋಶ ಕಟ್ಟುವುದು ಮಣ್ಣಿನಲ್ಲೇ.

ಗಿಡ ಜಾಸ್ತಿ ಇದ್ದರೆ ಬಿಟಿ, ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಪುಡಿ ಒಳ್ಳೆಯ ದಾರಿ. ಇದು ಹುಳದ ಹೊಟ್ಟೆಗೆ ಹೋದರೆ ಮಾತ್ರ ಕೆಲಸ ಮಾಡುತ್ತದೆ, ಅದೂ ಸಣ್ಣ ಹುಳಕ್ಕೆ ಚೆನ್ನಾಗಿ. ಬಿಸಿಲಿಗೆ ಬೇಗ ಶಕ್ತಿ ಕಳೆದುಕೊಳ್ಳುವುದರಿಂದ ಸಂಜೆಯೇ ಸಿಂಪಡಿಸಬೇಕು. ಚೆಂಡು ಹೂವನ್ನು ಜೊತೆಗೆ ಬೆಳೆಸುವುದೂ ಉಪಾಯವೇ, ಪತಂಗ ಟೊಮೆಟೊ ಬಿಟ್ಟು ಅದರ ಮೊಗ್ಗಿನ ಮೇಲೆ ಮೊಟ್ಟೆ ಇಡುತ್ತದೆ. ಆದರೆ ಎರಡೂ ಒಟ್ಟಿಗೆ ಹೂ ಬಿಡಬೇಕು. ಅದಕ್ಕೆ 25 ದಿನದ ಟೊಮೆಟೊ ಸಸಿಯ ಜೊತೆ 40–45 ದಿನದ ಚೆಂಡು ಹೂ ಸಸಿ ನೆಡುತ್ತಾರೆ. ಟೊಮೆಟೊ ನೆಟ್ಟು ತಿಂಗಳಾದ ಮೇಲೆ ಚೆಂಡು ಹೂ ಬೀಜ ಹಾಕಿದರೆ ಚಂದಕ್ಕಷ್ಟೇ.

ಗುಂಡುಸೂಜಿ ಚುಚ್ಚಿದಷ್ಟು ಸಣ್ಣ ತೂತು, ಜೊತೆಗೆ ಎಲೆಯೊಳಗೆ ಸುರಂಗ ಕೊರೆದು ಒಣಗಿದ ಮಚ್ಚೆಗಳು ಕಂಡರೆ ಅದು ದಕ್ಷಿಣ ಅಮೆರಿಕದಿಂದ ಬಂದು ಹಲವು ದೇಶಗಳಿಗೆ ಹರಡಿದ ಟೂಟ ಎಂಬ ಸಣ್ಣ ಪತಂಗದ ಮರಿ. ಸುರಂಗವಿರುವ ಎಲೆಗಳನ್ನು ಕೂಡಲೇ ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗೆ ಇಡಿ. ತೂತಿಲ್ಲದೆ ಸಿಪ್ಪೆಯ ಕೆಳಗೆ ಮೋಡದ ಹಾಗೆ ಬಿಳಿ, ಹಳದಿ ಮಚ್ಚೆ ಇದ್ದರೆ ತಿಗಣೆ ಜಾತಿಯ ಕೀಟ ಸೂಜಿ ಬಾಯಿ ಚುಚ್ಚಿ ರಸ ಹೀರಿದೆ. ಆ ಭಾಗ ಗಟ್ಟಿ ಇರುತ್ತದೆ, ತೆಗೆದು ತಿನ್ನಬಹುದು. ಹಣ್ಣನ್ನು ಕುಕ್ಕಿ ಹರಿದ ಹಾಗಿದ್ದರೆ ಹಕ್ಕಿ. ಬೇಸಿಗೆಯಲ್ಲಿ ಅವಕ್ಕೆ ಬಾಯಾರಿಕೆಯೂ ಇರುತ್ತದೆ, ಪಕ್ಕದಲ್ಲಿ ಒಂದು ಬಟ್ಟಲು ನೀರು ಇಡಿ. ಬಣ್ಣ ತಿರುಗಿದ ಗೊಂಚಲಿಗೆ ತೆಳು ಬಟ್ಟೆಯ ಚೀಲ ಕಟ್ಟಿ.

ನಿಜವಾದ ರೋಗ ಬಂದಾಗ

ರೋಗಗಳಲ್ಲಿ ನಾನು ಹೆದರುವುದು ಒಂದಕ್ಕೇ, ಲೇಟ್ ಬ್ಲೈಟ್ ಅನ್ನುವ ಅಂಗಮಾರಿ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ಬಡಿದು ದೊಡ್ಡ ಬರಗಾಲ ತಂದದ್ದು ಇದೇ. ಟೊಮೆಟೊ ಮತ್ತು ಆಲೂಗಡ್ಡೆ ಒಂದೇ ಕುಟುಂಬದವು. ತಂಪಾದ, ಮೋಡ ಮುಚ್ಚಿದ, ಎಲೆ ಒಣಗದ ದಿನಗಳಲ್ಲಿ ಬರುತ್ತದೆ. ಹಸಿ ಕಾಯಿಯ ಭುಜದ ಹತ್ತಿರ ಎಣ್ಣೆ ಸವರಿದ ಹಾಗೆ ಕಂದು ಪಟ್ಟೆ, ಮುಟ್ಟಿದರೆ ಗಟ್ಟಿ, ಮೇಲ್ಮೈ ಸ್ವಲ್ಪ ಉಬ್ಬುತಗ್ಗು. ಎಲೆಗಳಲ್ಲಿ ನೀರು ನೆನೆದಂಥ ದೊಡ್ಡ ಕಲೆ, ಕಾಂಡದಲ್ಲಿ ಕಪ್ಪು. ಕೆಲವೇ ದಿನಗಳಲ್ಲಿ ಗಿಡ ಸುಟ್ಟ ಹಾಗಾಗುತ್ತದೆ. ಇಲ್ಲಿ ಮಾತ್ರ ಗಿಡದ ಮೇಲಿನ ಪ್ರೀತಿ ಬಿಡಬೇಕು. ಬುಡಸಮೇತ ಕಿತ್ತು ಚೀಲದಲ್ಲಿ ಕಟ್ಟಿ ದೂರ ಸಾಗಿಸಿ. ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ನಿಮ್ಮ ಗಿಡದಿಂದ ಗಾಳಿಯಲ್ಲಿ ಪಕ್ಕದವರ ಗಿಡಕ್ಕೂ ಹರಡುತ್ತದೆ.

ಅರ್ಲಿ ಬ್ಲೈಟ್ ಇಷ್ಟು ಭಯಂಕರ ಅಲ್ಲ. ಎಲೆಯಲ್ಲಿ ಗುರಿ ಹಲಗೆಯ ಹಾಗೆ ಉಂಗುರಗಳಿರುವ ಕಂದು ಕಲೆ, ಕೆಳಗಿನ ಎಲೆಯಿಂದ ಶುರು. ಕಾಯಿಗೆ ಬಂದರೆ ತೊಟ್ಟಿನ ಹತ್ತಿರ ಕಪ್ಪಾಗಿ ಕುಸಿಯುತ್ತದೆ. ಒಂದೇ ಜಾಗದ ಕಲೆ ರೋಗವಲ್ಲ ಅಂತ ಮೇಲೆ ಹೇಳಿದ್ದೆನಲ್ಲ, ಆ ಲೆಕ್ಕಕ್ಕೆ ಸಿಗದ ಒಂದು ಇದು. ಉಂಗುರ ಮತ್ತು ಎಲೆಯ ಕಲೆ ನೋಡಿ ಗುರುತಿಸಿ. ಹಣ್ಣಾದ ಮೇಲೆ ಮಾತ್ರ ಕಾಣುವ, ಬೆರಳಿಂದ ಒತ್ತಿದ ಹಾಗೆ ದುಂಡಗೆ ತಗ್ಗಾದ ನೀರು ನೆನೆದ ಚುಕ್ಕೆ ಆಂಥ್ರಾಕ್ನೋಸ್ ಎಂಬ ಶಿಲೀಂಧ್ರ ರೋಗ. ಹಣ್ಣನ್ನು ಗಿಡದಲ್ಲಿ ಜಾಸ್ತಿ ದಿನ ಬಿಡದಿದ್ದರೆ ಅದರಿಂದ ತಪ್ಪಿಸಿಕೊಳ್ಳಬಹುದು. ಸಣ್ಣ ಹುಣ್ಣಿನ ಹಾಗೆ ಒರಟು ಚುಕ್ಕೆಗಳು ಬ್ಯಾಕ್ಟೀರಿಯಾದವು. ಹಣ್ಣಿನ ಮೇಲೆ ಬಣ್ಣ ಬಣ್ಣದ ಉಂಗುರಗಳು ಚಂದದ ಚಿತ್ರದ ಹಾಗೆ ಕಂಡರೆ ಅದು ಥ್ರಿಪ್ಸ್ ನುಸಿ ಹರಡುವ ವೈರಸ್. ಅದಕ್ಕೆ ಮದ್ದಿಲ್ಲ, ಗಿಡ ತೆಗೆಯಬೇಕು.

ಈ ರೋಗಗಳಲ್ಲಿ ಹೆಚ್ಚಿನವಕ್ಕೆ ದಾರಿ ಮಾಡಿಕೊಡುವುದು ಒದ್ದೆ ಎಲೆ ಮತ್ತು ಮಣ್ಣಿನ ಸಿಡಿತ. ಹಾಗಾಗಿ ನೀರನ್ನು ಬುಡಕ್ಕೆ ಹಾಕಿ, ಎಲೆಗಲ್ಲ. ಬೆಳಿಗ್ಗೆಯೇ ಹಾಕಿ. ನೆಲದಿಂದ ಒಂದು ಅಡಿಯವರೆಗಿನ ಎಲೆ ತೆಗೆಯಿರಿ. ಗಿಡಗಳ ನಡುವೆ ಗಾಳಿ ಓಡಾಡುವಷ್ಟು ಜಾಗ ಬಿಡಿ. ಬುಡದ ಹೊದಿಕೆ ಇಲ್ಲೂ ಕೆಲಸಕ್ಕೆ ಬರುತ್ತದೆ, ಮಳೆ ಹನಿ ಬಿದ್ದಾಗ ಮಣ್ಣು ಎಲೆಗೆ ಸಿಡಿಯುವುದಿಲ್ಲ. ರೋಗ ಬಂದ ಜಾಗದಲ್ಲಿ ಮೂರು ವರ್ಷ ಟೊಮೆಟೊ, ಆಲೂಗಡ್ಡೆ, ಬದನೆ, ಮೆಣಸಿನಕಾಯಿ ಹಾಕಬೇಡಿ. ಕುಂಡವಾದರೆ ಮಣ್ಣು ಬದಲಿಸಿ, ಕುಂಡ ತೊಳೆದು ಬಿಸಿಲಿಗೆ ಒಣಗಿಸಿ.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ, ಕಲೆಯಾದ ಕಾಯಿ ತಿನ್ನಬಹುದಾ? ತುದಿ ಕೊಳೆ, ಬಿರುಕು, ಬಿಸಿಲ ಗಾಯ, ತಿಗಣೆ ಚುಚ್ಚಿದ್ದು, ಸೊಟ್ಟ ಕಾಯಿ, ಇವುಗಳಲ್ಲಿ ಕೆಟ್ಟ ಭಾಗ ಕತ್ತರಿಸಿ ಉಳಿದದ್ದನ್ನು ಬಳಸಿ. ಬೂಷ್ಟು ಬಂದದ್ದು, ಹುಳಿ ವಾಸನೆ ಹೊಡೆಯುವುದು, ಒಳಗೆ ಮೆತ್ತಗಾಗಿ ನೀರಾದದ್ದು, ಅಂಗಮಾರಿ ಹಿಡಿದದ್ದು ಬೇಡ. ಹುಳ ಕೊರೆದ ಕಾಯಿಯನ್ನು ಅರ್ಧ ಮಾಡಿ ಒಳಗೆ ನೋಡಿ. ಹಿಕ್ಕೆ ಒಂದು ಮೂಲೆಯಲ್ಲಿ ಮಾತ್ರ ಇದ್ದು ಉಳಿದ ತಿರುಳು ಗಟ್ಟಿ ಇದ್ದರೆ ಆ ಮೂಲೆ ತೆಗೆದರೆ ಸಾಕು.